ಕಡಲಾಳದ ಒಕ್ಕಲು

ಬೆಂಗಳೂರಿನ ಜ್ಞಾನಭಾರತಿಗೂ ಕೆಂಗೇರಿಗೂ ಸಮೀಪವಾದ ನಮ್ಮ ಉಲ್ಲಾಳವು (ರಾಣಿ ಅಬ್ಬಕ್ಕನ ಉಲ್ಲಾಳವಲ್ಲ, ಅದು ಮಂಗಳೂರಿನ ಬಳಿಯ ಕಡಲೂರು) ಸಮುದ್ರಮಟ್ಟದಿಂದ 800 ಮೀಟರುಗಳಿಗೂ ಮಿಕ್ಕ ಎತ್ತರದಲ್ಲಿದೆ. ಇಷ್ಟೇ ದೂರವನ್ನು ಮಂಗಳೂರಿನ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದಲ್ಲಿ ಕೆಳಮುಖವಾಗಿ ಇಳಿಯುವವನಿಗೆ ಎದುರಾಗುವುದು ಬೇರೆಯೇ ಒಂದು ಲೋಕ: ಅಲ್ಲಿ ಹಗಲಿನ ಬೆಳಕು ಹೆಸರಿಗೆ ಮಾತ್ರ ಉಂಟು, ಪ್ರಾಣವಾಯು ಇಲ್ಲವೆನ್ನುವಷ್ಟು ವಿರಳ, ಮತ್ತು ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದಂತೆ ಏರುತ್ತ ಬಂದ ಒತ್ತಡವು ಹೆಬ್ಬೆರಳಿನ ಉಗುರಿನಷ್ಟು ಸ್ಥಳದ ಮೇಲೆ ಸುಮಾರು 80 ಕಿಲೋಗ್ರಾಂ ಭಾರವನ್ನು ಹೇರಿರುತ್ತದೆ. ಇಂಥಲ್ಲಿ ಜೀವವಿರಲಾರದೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬ ಪಂಡಿತನು ತರ್ಕಿಸಿದ್ದನು. 1872ರಿಂದ 1876ರವರೆಗೆ ಲೋಕ ಸುತ್ತಿದ ಚಾಲೆಂಜರ್ ನೌಕೆಯ ಬಲೆಗಳು ಆ ತರ್ಕಕ್ಕೆ ಎಡೆಯುಳಿಸಲಿಲ್ಲ.

ಒತ್ತಡವೆಂದೊಡನೆ ನಾವು ಜಜ್ಜಿಹೋಗುವುದನ್ನೇ ನೆನೆಯುತ್ತೇವೆ. ಎದೆಗೂಡಿನಲ್ಲಿ ಗಾಳಿಯನ್ನಿಟ್ಟುಕೊಂಡ ನಮಗೆ ಆ ಭಯ ಸಹಜವೇ ಸರಿ. ಆದರೆ ಮೀನಿನ ದೇಹ ಬಹುಪಾಲು ನೀರು. ನೀರು ಸುಲಭವಾಗಿ ಕುಗ್ಗುವ ವಸ್ತುವಲ್ಲ. ಒಳಗಿನ ಒತ್ತಡ ಹೊರಗಿನದಕ್ಕೆ ಸಮನಾಗಿರುವಲ್ಲಿ ಜಜ್ಜುವ ಮಾತೇ ಇಲ್ಲ. ನಿಜವಾದ ಪೀಡೆ ಇದಕ್ಕಿಂತ ಸೂಕ್ಷ್ಮವಾದುದು. ಜೀವಕೋಶದ ಪ್ರೋಟೀನುಗಳು ತಮ್ಮ ಆಕಾರದ ಬಲದಿಂದಲೇ ಕೆಲಸ ಮಾಡತಕ್ಕವು. ಅಧಿಕ ಒತ್ತಡವು ಆ ಆಕಾರವನ್ನು ಕೆಡಿಸುತ್ತದೆ. ಇದಕ್ಕೆ ಪ್ರತೀಕಾರವಾಗಿ ಆಳದ ಮೀನುಗಳು ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ದ್ರವ್ಯವನ್ನು ಮೈಯಲ್ಲಿ ಸಂಗ್ರಹಿಸಿಕೊಳ್ಳುತ್ತವೆ. ಹೆಸರು ಕಠಿನವಾದರೂ ಇದರ ಪರಿಚಯ ನಮ್ಮ ಮೂಗಿಗೆ ಉಂಟು. ಮೀನಂಗಡಿಯಲ್ಲಿ ಕಾಟ್ಲಾ ಮತ್ತು ಬಂಗುಡೆಗಳನ್ನು ಪಕ್ಕಪಕ್ಕದಲ್ಲಿಟ್ಟಿದ್ದರೆ, ಹೊತ್ತೇರಿದಂತೆ ಮೂಗಿಗೆ ಬಡಿಯುವ ಕಡಲಮೀನಿನ ಘಾಟು ಬಂಗುಡೆಯದು. ಸತ್ತ ಮೀನಿನಲ್ಲಿರುವ ಈ ದ್ರವ್ಯವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಹೊರಡುವ ವಾಸನೆಯೇ ಅದು. ಕೆರೆ ಹೊಳೆಗಳ ಮೀನಿನಲ್ಲಿ ಇದರ ಅಂಶ ಅತ್ಯಲ್ಪ. ಕಡಲಿನ ಮೀನಿನಲ್ಲಿ ಹೆಚ್ಚು. ಆಳಕ್ಕೆ ಇಳಿದಷ್ಟೂ ಇನ್ನೂ ಹೆಚ್ಚು. ಆದರೆ ಈ ಉಪಾಯಕ್ಕೂ ಒಂದು ಎಲ್ಲೆಯುಂಟು. ಸುಮಾರು 8200 ಮೀಟರುಗಳ ಆಸುಪಾಸಿನಲ್ಲಿ ಮೀನಿನ ಒಡಲರಸ ಕಡಲ ನೀರಿನಷ್ಟೇ ಸಾಂದ್ರವಾಗುವುದೆಂದೂ, ಅದನ್ನು ಮೀರಿದರೆ ಹೊರಗಿನ ನೀರು ಒಳನುಗ್ಗುವುದೆಂದೂ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. 2022ರಲ್ಲಿ ಜಪಾನಿನ ಬಳಿ ಕ್ಯಾಮೆರಾಕ್ಕೆ ಸಿಕ್ಕ ಸ್ನೇಲ್‌ಫಿಶ್ ಎಂಬ ಮೀನು ಇದ್ದುದು ಆ ಎಲ್ಲೆಯ ಸಮೀಪದಲ್ಲೇ, 8336 ಮೀಟರುಗಳಲ್ಲಿ. ಅದಕ್ಕಿಂತ ಎಷ್ಟೋ ಮೇಲೆ, 6000 ಮೀಟರುಗಳಿಗೆ ಮೂವರನ್ನು ಇಳಿಸಲೆಂದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ರೂಪಿಸುತ್ತಿರುವ ಮತ್ಸ್ಯ-6000 ಎಂಬ ಜಲಾಂತರ ವಾಹನಕ್ಕೆ 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಗೋಳ ಬೇಕಾಯಿತು.

ನಮ್ಮ ಅರಬ್ಬೀ ಸಮುದ್ರದ ವಿಶೇಷ ಸಂಕಟ ಉಸಿರಿನದು. ಮುಂಗಾರಿನಲ್ಲಿ ಕೆಳಗಿನ ಸಾರವತ್ತಾದ ನೀರು ಮೇಲೆದ್ದು ಸೂಕ್ಷ್ಮಸಸ್ಯಗಳು ಹುಲುಸಾಗುತ್ತವೆ. ಅವು ಸತ್ತು ಕೆಳಗಿಳಿದು ಕೊಳೆಯುವಾಗ ಆಮ್ಲಜನಕವೆಲ್ಲ ವ್ಯಯವಾಗುತ್ತದೆ. ಉತ್ತರಕ್ಕೆ ನೆಲವೇ ಅಡ್ಡಗಟ್ಟಿರುವುದರಿಂದ ಹೊಸ ನೀರಿನ ಸಂಚಾರವೂ ಮಂದ. ಹೀಗಾಗಿ ಸುಮಾರು 150ರಿಂದ 1000 ಮೀಟರುಗಳವರೆಗೆ, ಜಗತ್ತಿನಲ್ಲಿಯೇ ತೀವ್ರವಾದ ಆಮ್ಲಜನಕದ ಬರಗಾಲದ ಪದರಗಳಲ್ಲಿ ಒಂದು ಇಲ್ಲಿ ಹಬ್ಬಿದೆ. ಬೆರಳುದ್ದದ ಲಾಂದ್ರಮೀನುಗಳು ಈ ಬರಗಾಲವನ್ನೇ ಕೋಟೆಯಾಗಿ ಮಾಡಿಕೊಂಡಿವೆ! ಹೆಚ್ಚು ಉಸಿರು ಬೇಡುವ ಟ್ಯೂನಾದಂಥ ವೇಗದ ಬೇಟೆಗಾರರು ಕಾಲಿಡಲಾರದ ಆ ನೀರಿನಲ್ಲಿ ಹಗಲನ್ನೆಲ್ಲ ಮೆಲ್ಲನೆ ಉಸಿರಾಡುತ್ತ ಕಳೆದು, ಸಂಜೆಯಾಗುತ್ತಲೇ ಮೇಲಕ್ಕೆ ಬಂದು ಉಂಡು, ಬೆಳಗಾಗುವ ಮೊದಲು ಮರಳಿ ಇಳಿಯುತ್ತವೆ. ಮೇಲಿನ ಮಂದ ಬೆಳಕಿಗೆ ಅಡ್ಡವಾದ ತಮ್ಮ ನೆರಳು ಕೆಳಗಿನ ಶತ್ರುವಿಗೆ ಕಾಣದಿರಲೆಂದು ಹೊಟ್ಟೆಯಡಿಯ ಪುಟ್ಟ ದೀಪಗಳನ್ನು ಆ ಬೆಳಕಿಗೆ ಸರಿಯಾಗಿ ಹೊಂದಿಸಿ ಉರಿಸುತ್ತವೆ. ಇವುಗಳಂಥ ಜೀವಿಗಳ ದಂಡು ಎಷ್ಟು ದಟ್ಟವೆಂದರೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೋನಾರ್ ಯಂತ್ರಗಳು ಅದನ್ನೇ ಕಡಲತಳವೆಂದು ತೋರಿಸಿದ್ದುವು.

ಲಾಂದ್ರಮೀನುಗಳನ್ನು ಹಿಡಿದು ಮೀನುಹಿಟ್ಟು, ಎಣ್ಣೆ ಮಾಡಬಹುದೆಂಬ ಮಾತು ಬಹುಕಾಲದಿಂದ ನಡೆದಿದೆ. ಆದರೆ ಈ ಮೀನುಗಳು ಮೇಲೆ ತಿಂದ ಇಂಗಾಲವನ್ನು ಪ್ರತಿನಿತ್ಯ ಆಳಕ್ಕೆ ಹೊತ್ತು ಬಿಡುತ್ತವೆ. ಆ ಕೆಲಸಕ್ಕೆ ಬದಲಿ ಆಳುಗಳು ನಮ್ಮಲ್ಲಿಲ್ಲ. ಆದುದರಿಂದ ಬಲೆ ಬೀಸುವ ಮುನ್ನ, ಎಷ್ಟು ಹಿಡಿದರೆ ಈ ಒಕ್ಕಲು ಕೆಡದು ಎಂಬ ಲೆಕ್ಕವನ್ನು ಸಂಬಂಧಪಟ್ಟವರು ಮೊದಲು ಜನರ ಮುಂದಿಡತಕ್ಕದ್ದು.