ಕೃತಕ ಬುದ್ಧಿಮತ್ತೆಯ ಸುರಕ್ಷತೆ ಮತ್ತು ವಿದ್ಯಾರ್ಥಿ ಅಧ್ಯಯನ ಕೂಟಗಳು: ಗೌರಿಬಿದನೂರಿನ ಎರಡು ಪೂರ್ವನಿದರ್ಶನಗಳು

ಪ್ರಬಲವಾದ ತಂತ್ರಜ್ಞಾನವೊಂದು ಹರಡುವ ವೇಗಕ್ಕೂ ಅದನ್ನು ಅಂಕೆಯಲ್ಲಿಡಬಲ್ಲ ತಿಳಿವಳಿಕೆ ಬೆಳೆಯುವ ವೇಗಕ್ಕೂ ಸದಾ ಅಂತರವಿರುತ್ತದೆ. ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಈ ಅಂತರವನ್ನು ತುಂಬುವ ಪ್ರಯತ್ನಗಳಲ್ಲಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಕೂಟಗಳೂ ಸೇರಿವೆ. ಅವುಗಳ ಸ್ವರೂಪವನ್ನು ಪರಿಚಯಿಸಿ, ಕನ್ನಡ ನಾಡಿನ ಅನುಭವದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕೂಟಗಳ ಸ್ವರೂಪ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಹಾಗೂ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗಳಲ್ಲಿ 2022ರ ಸುಮಾರಿಗೆ ಇಂತಹ ಕೂಟಗಳು ರೂಪುಗೊಂಡವು. ಇವುಗಳ ಕಾರ್ಯವಿಧಾನ ಸರಳವಾದುದು. ಸಣ್ಣ ತಂಡಗಳು ಕೆಲವು ವಾರಗಳ ಕಾಲ ನಿಗದಿತ ಪ್ರಬಂಧಗಳನ್ನು ಓದಿ ಚರ್ಚಿಸುತ್ತವೆ. ಬಳಿಕ ಕೆಲವರು ಯಂತ್ರಗಳ ವರ್ತನೆಯನ್ನು ಪರೀಕ್ಷಿಸುವ ಸಂಶೋಧನೆಗೂ ಕೆಲವರು ಸರ್ಕಾರದ ನೀತಿ ನಿರೂಪಣೆಯ ವೃತ್ತಿಗೂ ತೆರಳುತ್ತಾರೆ. ದೂರದ ಅಪಾಯಗಳ ಚಿಂತೆಯಲ್ಲಿ ಇಂದಿನ ಹಾನಿಗಳು ಮರೆಯಾಗುತ್ತವೆ ಎಂಬ ಟೀಕೆಯೂ ಈ ಚಿಂತನಾಧಾರೆಯ ಮೇಲಿದೆ.

2. ಕಂಪನಮಾಪಕಗಳ ವ್ಯೂಹ

ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ತೊಂಡೇಬಾವಿಯನ್ನು ದಾಟಿದರೆ ಗೌರಿಬಿದನೂರು ದೊರೆಯುತ್ತದೆ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕಿನಲ್ಲಿ ಅಣುಶಕ್ತಿ ವಿಜ್ಞಾನಿಗಳು ಬ್ರಿಟನ್ನಿನ ಸಹಕಾರದಿಂದ 1965ರಲ್ಲಿ ಭೂಕಂಪನ ಮಾಪಕಗಳ ವ್ಯೂಹವೊಂದನ್ನು ಸ್ಥಾಪಿಸಿದರು. 1963ರ ಒಪ್ಪಂದವು ಭೂಗತ ಪರೀಕ್ಷೆಗಳನ್ನುಳಿದು ಇತರ ಅಣ್ವಸ್ತ್ರ ಪರೀಕ್ಷೆಗಳನ್ನು ನಿಷೇಧಿಸಿತ್ತು. ನೆಲದೊಳಗಿನ ಸ್ಫೋಟವನ್ನು ಸಹಜ ಭೂಕಂಪದಿಂದ ಬೇರ್ಪಡಿಸಿ ಗುರುತಿಸುವುದೇ ಅಂದಿನ ತಾಂತ್ರಿಕ ಸಮಸ್ಯೆ. ಎರಡು ಬಾಹುಗಳಲ್ಲಿ ಹರಡಿದ 20 ಮಾಪಕಗಳ ಸಂಕೇತಗಳನ್ನು ಕಾಲಾಂತರವನ್ನು ಸರಿದೂಗಿಸಿ ಕೂಡಿಸಿದಾಗ, ದೂರದಿಂದ ಬಂದ ಕ್ಷೀಣ ಅಲೆಯೂ ಸ್ಥಳೀಯ ಗದ್ದಲದಿಂದ ಮೇಲೆದ್ದು ಕಾಣುತ್ತದೆ. ಅದೇ ಪ್ರಮಾಣದ ಭೂಕಂಪಕ್ಕೆ ಹೋಲಿಸಿದರೆ ಸ್ಫೋಟವು ಸಾಮಾನ್ಯವಾಗಿ ದುರ್ಬಲವಾದ ಮೇಲ್ಮೈ ಅಲೆಗಳನ್ನು ಹುಟ್ಟಿಸುತ್ತದೆ. ಒಪ್ಪಂದದ ಪಾಲನೆ ಹೀಗೆ ಅಳತೆಯ ವಿಷಯವಾಯಿತು.

3. ಪ್ರಶ್ನಿಸುವ ಪರಂಪರೆ

ಇದೇ ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಪರಮಾಣು ಭೌತವಿಜ್ಞಾನವನ್ನು ಅಭ್ಯಸಿಸಿದವರು. 1962ರಲ್ಲಿ ಅವರು ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಸಂಸ್ಥೆಯನ್ನು ಆರಂಭಿಸಿ, ವಿಜ್ಞಾನದ ಚರ್ಚೆಯನ್ನು ವಾರವಾರದ ರೂಢಿಯಾಗಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದರು. ಆದರೆ ಸಮಿತಿಯು ಆಹ್ವಾನಿಸಿದ ಪ್ರಮುಖ ವ್ಯಕ್ತಿಯು ಪರೀಕ್ಷೆಗೆ ಒಪ್ಪಲಿಲ್ಲ.

ಈ ಎರಡು ನಿದರ್ಶನಗಳ ನಡುವಿನ ಭೇದ ಗಮನಾರ್ಹ. ಭೂಮಿಯ ಅಲೆ ಯಾರ ಅನುಮತಿಯನ್ನೂ ಕೇಳದೆ ಗಡಿ ದಾಟುತ್ತದೆ. ಪವಾಡದ ಪರೀಕ್ಷೆಗಾದರೋ ಪರೀಕ್ಷಿತನ ಸಮ್ಮತಿ ಬೇಕು. ಕೃತಕ ಬುದ್ಧಿಮತ್ತೆಯು ಹೆಚ್ಚಾಗಿ ಎರಡನೆಯ ವರ್ಗಕ್ಕೆ ಸೇರಿದುದು. ತಯಾರಿಕಾ ಸಂಸ್ಥೆ ಅವಕಾಶ ಕೊಡದಿದ್ದರೆ ಅದರ ಒಳರಚನೆಯನ್ನು ಹೊರಗಿನವರು ಪರೀಕ್ಷಿಸಲಾರರು. ಆದುದರಿಂದ ಪರೀಕ್ಷಾವಿಧಾನದ ಜ್ಞಾನವೊಂದೇ ಸಾಲದು, ಪರೀಕ್ಷೆಯನ್ನು ಕಡ್ಡಾಯಗೊಳಿಸುವ ಕಾನೂನೂ ಬೇಕು. ವಿದ್ಯಾರ್ಥಿ ಕೂಟಗಳು ತಾಂತ್ರಿಕ ಅಧ್ಯಯನವನ್ನೂ ನೀತಿ ಅಧ್ಯಯನವನ್ನೂ ಒಟ್ಟಿಗೆ ಇರಿಸಿಕೊಂಡಿರುವುದರ ಔಚಿತ್ಯ ಇಲ್ಲಿದೆ.

4. ಕನ್ನಡದ ಪ್ರಶ್ನೆ

ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಇಂಗ್ಲಿಷಿನಲ್ಲಿ ಕೇಳಿದಾಗ ಜಿಪಿಟಿ-4 ನಿರಾಕರಿಸುತ್ತಿದ್ದ ಅಪಾಯಕಾರಿ ಕೋರಿಕೆಗಳು ಜುಲು ಮೊದಲಾದ ಅಲ್ಪಸಂಪನ್ಮೂಲ ಭಾಷೆಗಳಿಗೆ ಅನುವಾದಗೊಂಡಾಗ ಅನೇಕ ವೇಳೆ ಉತ್ತರ ಪಡೆಯುತ್ತಿದ್ದವು. ಸುರಕ್ಷತೆಯ ಬೇಲಿ ಎಲ್ಲ ಭಾಷೆಗಳ ಸುತ್ತಲೂ ಒಂದೇ ಎತ್ತರದಲ್ಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಆ ಪ್ರಯೋಗದಲ್ಲಿ ಕನ್ನಡ ಸೇರಿರಲಿಲ್ಲ. ತೊಂಡೇಬಾವಿಯ ರೈತನೊಬ್ಬನು ಕೀಟನಾಶಕದ ಪ್ರಮಾಣವನ್ನು ಕನ್ನಡದಲ್ಲಿ ಕೇಳಿದಾಗ ದೊರೆಯುವ ಉತ್ತರವನ್ನು ಅಳೆಯಲು ಆ ನುಡಿಯನ್ನೂ ಆ ಬೆಳೆಯನ್ನೂ ಬಲ್ಲವರು ಬೇಕು.

ಭಾರತ ಸರ್ಕಾರವು 2025ರ ಜನವರಿಯಲ್ಲಿ ಕೃತಕ ಬುದ್ಧಿಮತ್ತೆಯ ಸುರಕ್ಷತಾ ಸಂಸ್ಥೆಯೊಂದನ್ನು ಪ್ರಕಟಿಸಿ, ಶಿಕ್ಷಣ ಸಂಸ್ಥೆಗಳನ್ನು ಅದರ ಸಹಭಾಗಿಗಳನ್ನಾಗಿಸುವ ಮಾದರಿಯನ್ನು ಮುಂದಿಟ್ಟಿತು. ನಮ್ಮ ವಿಶ್ವವಿದ್ಯಾಲಯಗಳ ಗಣಕ ವಿಜ್ಞಾನ, ಕಾನೂನು, ಕೃಷಿ ಹಾಗೂ ಕನ್ನಡ ವಿಭಾಗಗಳ ವಿದ್ಯಾರ್ಥಿಗಳು ಒಂದೇ ಕೂಟದಲ್ಲಿ ಕಲೆತು ಕನ್ನಡದ ಪರೀಕ್ಷಾ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದರೂ ಅದು ಮಹತ್ವದ ಆರಂಭವಾದೀತು. ಭಾಷೆಯ ರಕ್ಷಣೆಯೆಂದರೆ ಆ ಭಾಷೆಯನ್ನಾಡುವವರ ರಕ್ಷಣೆಯೂ ಹೌದು.