ಅಟ್ಟದಿಂದ ಇಳಿದ ಬಗಟೆಲ್ ಬೋರ್ಡು

ಬಗಟೆಲ್ ಎಂದರೆ ಈಗಿನ ಮಕ್ಕಳು ಯಾವುದೋ ಬಿಸ್ಕತ್ತಿನ ಹೆಸರು ಅಂದುಕೊಳ್ಳಬಹುದು. ಹತ್ತು ವರ್ಷದ ನನ್ನ ಮೊಮ್ಮಗಳು ಹಾಗೇ ಅಂದುಕೊಂಡಿದ್ದಳು. ಆದರೆ ಪಿನ್‌ಬಾಲ್ ಅವಳಿಗೆ ಗೊತ್ತು. ಅವಳಮ್ಮನ ಫೋನಿನಲ್ಲಿ ಆ ಆಟ ಇದೆ. ಗುಂಡು ಚಿಮ್ಮುತ್ತದೆ, ದೀಪಗಳು ಮಿನುಗುತ್ತವೆ, ಅಂಕಗಳು ಸಾವಿರ ಲಕ್ಷಗಳಲ್ಲಿ ಏರುತ್ತವೆ. ಆ ಪಿನ್‌ಬಾಲಿನ ಅಜ್ಜಿಯೇ ಬಗಟೆಲ್. ಇದಕ್ಕೆ ದೀಪವಿಲ್ಲ, ಕರೆಂಟು ಬೇಡ. ಎರಡೂವರೆ ಅಡಿ ಉದ್ದದ, ತಲೆ ಕಮಾನಿನಂತೆ ದುಂಡಗಿರುವ ಒಂದು ಹಲಗೆ. ಅದರ ತುಂಬ ಮೊಳೆಗಳು. ಮೊಳೆಗಳನ್ನೇ ಅರ್ಧಚಂದ್ರಾಕಾರವಾಗಿ ಹೊಡೆದು ಮಾಡಿದ ಪುಟ್ಟ ಗೂಡುಗಳು, ಒಂದೊಂದು ಗೂಡಿಗೂ ಒಂದೊಂದು ಅಂಕ. ಬಲಗಡೆ ಒಂದು ಓಣಿ, ಓಣಿಯ ಬುಡದಲ್ಲಿ ಸ್ಪ್ರಿಂಗ್ ಸಿಕ್ಕಿಸಿದ ಹಿಡಿ. ಹಿಡಿ ಎಳೆದು ಬಿಟ್ಟರೆ ಉಕ್ಕಿನ ಗುಂಡು ಓಣಿಯಲ್ಲಿ ಮೇಲಕ್ಕೆ ಓಡಿ, ಕಮಾನು ಸುತ್ತಿ, ಮೊಳೆಗಳಿಗೆ ಟಿಣ್ ಟಿಣ್ ಎಂದು ತಾಗುತ್ತಾ ಇಳಿಯುತ್ತದೆ. ಗೂಡಿಗೆ ಬಿದ್ದರೆ ಅಂಕ, ತಳಕ್ಕೆ ಬಿದ್ದರೆ ಸೊನ್ನೆ.

ಈ ಹೆಸರಿನ ಹಿಂದೆ ಒಂದು ಅರಮನೆ ಇದೆ. 1777ರಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ತಮ್ಮ ಪ್ಯಾರಿಸ್ಸಿನ ಬಳಿ ಬಗಟೆಲ್ ಎಂಬ ಪುಟ್ಟ ಅರಮನೆ ಕಟ್ಟಿಸಿದ. ಅಲ್ಲಿ ಮೇಜಿನ ಮೇಲೆ ಕೋಲಿನಿಂದ ಗುಂಡು ತಳ್ಳಿ ಆಡುತ್ತಿದ್ದ ಆಟಕ್ಕೆ ಅರಮನೆಯ ಹೆಸರೇ ನಿಂತಿತು ಎನ್ನುತ್ತಾರೆ. ಕೋಲನ್ನು ತೆಗೆದು ಸ್ಪ್ರಿಂಗ್ ಹಾಕಿ 1871ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಸಿನ್ಸಿನಾಟಿಯಲ್ಲಿದ್ದ ಮಾಂಟೆಗ್ಯೂ ರೆಡ್‌ಗ್ರೇವ್. 1931ರಲ್ಲಿ ಗಾಟ್ಲೀಬ್ ಕಂಪನಿ ಇದನ್ನೇ ಕಾಸು ಹಾಕಿ ಆಡುವ ಪೆಟ್ಟಿಗೆಯಾಗಿಸಿ ಅಂಗಡಿಗಳಲ್ಲಿ ಇಡಿಸಿತು. ಗುಂಡನ್ನು ಕೆಳಗಿನಿಂದ ಮತ್ತೆ ಮೇಲಕ್ಕೆ ಬಡಿಯುವ ಪುಟ್ಟ ರೆಕ್ಕೆಗಳು ಬಂದದ್ದು 1947ರಲ್ಲಿ. ಇದು ಜೂಜು ಎಂದು ನ್ಯೂಯಾರ್ಕ್ ನಗರ 1942ರಲ್ಲಿ ಪಿನ್‌ಬಾಲನ್ನು ನಿಷೇಧಿಸಿತ್ತು. ರೋಜರ್ ಶಾರ್ಪ್ ಎಂಬ ಯುವಕ ಗುಂಡು ಎತ್ತ ಹೋಗುತ್ತದೆಂದು ಮೊದಲೇ ಹೇಳಿ, ನಗರದ ಪ್ರತಿನಿಧಿಗಳ ಎದುರಿಗೇ ಹಾಗೆ ಹೊಡೆದು ತೋರಿಸಿದ. ಇದು ಬರೀ ಅದೃಷ್ಟವಲ್ಲ, ಕೈಚಳಕವೂ ಹೌದು ಎಂದು ಒಪ್ಪಿ 1976ರಲ್ಲಿ ನಿಷೇಧ ತೆಗೆದರು.

ಹಲಗೆಯ ಆಟಗಳು ನಮ್ಮ ಸೀಮೆಗೂ ಹೊಸತಲ್ಲ. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯಲ್ಲಿ ರಾಣಿಯರ ಜೊತೆ ಕೈಮುಗಿದು ನಿಂತ ಮುಮ್ಮಡಿ ಕೃಷ್ಣರಾಜ ಒಡೆಯರ ವಿಗ್ರಹವನ್ನು ನೀವು ನೋಡಿರಬಹುದು. ಅವರು ಮಹಾ ಆಟಗಾರರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ ಕೌತುಕನಿಧಿ ಎಂಬ ಒಂದು ಭಾಗವೇ ಆಟಗಳಿಗೆ ಮೀಸಲು. ಪಗಡೆ, ಚೌಕಾಬಾರ, ಅಳಗುಳಿ ಮಣೆ ಇಲ್ಲದ ಮನೆ ನಮ್ಮ ಚಿಕ್ಕಂದಿನಲ್ಲಿ ಇರಲಿಲ್ಲ. ಅವುಗಳ ಪಕ್ಕಕ್ಕೆ ಬಂದು ಕೂತದ್ದು ಈ ಮೊಳೆ ಬೋರ್ಡು.

ನಮ್ಮ ಮನೆಯದು ಅಂಗಡಿಯಿಂದ ತಂದದ್ದಲ್ಲ. 1961ರಲ್ಲಿ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಇಂಥದ್ದೊಂದನ್ನು ಕಂಡು ಅಕ್ಕ ಹಟ ಹಿಡಿದಳು. ನಮ್ಮ ತಂದೆ ಬೀದಿಯ ಆಚಾರ್ರನ್ನು ಜಾತ್ರೆಗೆ ಕರೆದೊಯ್ದು ತೋರಿಸಿ, ಅದೇ ಅಳತೆಯಲ್ಲಿ ಮಾಡಿಸಿದರು. ಅಂಕಿಗಳನ್ನು ಕೆಂಪು ಬಣ್ಣದಲ್ಲಿ ತಾವೇ ಬರೆದರು, ಕನ್ನಡ ಅಂಕಿಗಳಲ್ಲಿ: ೨೫, ೫೦, ೧೦೦, ನಟ್ಟನಡುವೆ ೨೦೦. ಕಾಸು ಕಟ್ಟಿ ಆಡಕೂಡದು ಎಂಬುದೊಂದೇ ಅವರ ಕಟ್ಟಳೆ. ಆಗ ಅಕ್ಕನಿಗೆ ಹದಿನಾಲ್ಕು, ನನಗೆ ಹತ್ತು. ಗೆಲ್ಲುತ್ತಿದ್ದವಳು ಅಕ್ಕ. ಅವಳು ಮದುವೆಯಾಗಿ ಟಿ. ನರಸೀಪುರಕ್ಕೆ ಹೋದಳು, ಬೋರ್ಡು ನಂಜನಗೂಡಿನ ಅಟ್ಟ ಸೇರಿತು.

ಎರಡು ವರ್ಷದ ಹಿಂದೆ ಅಕ್ಕನಿಗೆ ಪಾರ್ಶ್ವವಾಯು ಬಡಿಯಿತು. ನಡಿಗೆ ಬಂತು, ಮಾತೂ ಬಂತು. ಬಲಗೈ ಮಾತ್ರ ಪೂರ್ತಿ ಬರಲಿಲ್ಲ. ಒಂದು ದಿನ ಫೋನಿನಲ್ಲಿ, “ನಮ್ಮ ಮೊಳೆ ಬೋರ್ಡು ಇದೆಯೇನೋ?” ಎಂದಳು. ಇದೆ, ರಿಪೇರಿ ಮಾಡಿಕೊಂಡು ತರುತ್ತೇನೆ ಎಂದೆ. ಕೂಡಲೇ ಷರತ್ತು ಬಂತು. “ನನಗೋಸ್ಕರ ಆಟ ಸಡಿಲ ಮಾಡಬೇಡ ಕಣೋ. ಹಾಗೆ ಮಾಡಿದ್ರೆ ನಾನು ಆಡಲ್ಲ.”

ಮೊದಲು ನಕ್ಷೆ, ಆಮೇಲೆ ಸುತ್ತಿಗೆ

ಹಳೆಯ ಆಟದ ಸಾಮಾನು ಕೈಗೆ ಬಂದಾಗ ಮೊದಲು ಮಾಡಬೇಕಾದ್ದು ಇದ್ದದ್ದು ಇದ್ದಂತೆ ಗುರುತು ಮಾಡಿಕೊಳ್ಳುವುದು. ಪುಸ್ತಕಕ್ಕೆ ಹಾಕುವ ಬ್ರೌನ್ ಪೇಪರನ್ನು ಬೋರ್ಡಿನ ಮೇಲೆ ಹಾಸಿ ಅಂಗೈಯಿಂದ ಒತ್ತಿದೆವು. ಪ್ರತಿಯೊಂದು ಮೊಳೆಯ ತಲೆಯೂ ಕಾಗದದಲ್ಲಿ ತೂತು ಮಾಡಿ ನಕ್ಷೆ ಸಿದ್ಧವಾಯಿತು. ಮೊಮ್ಮಗಳು ಫೋಟೋ ತೆಗೆದಳು. “ತಾತ, ಇದಕ್ಕೆ ಚಾರ್ಜರ್ ಎಲ್ಲಿ?” ಎಂದಳು. ಸ್ಪ್ರಿಂಗ್ ತೋರಿಸಿದೆ.

ಹಿತ್ತಾಳೆ ಮೊಳೆಗಳಿಗೆ ಹುಣಸೆಹಣ್ಣು ಸಾಕು. ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ತಕ್ಷಣ ಒಣಬಟ್ಟೆಯಿಂದ ಒರೆಸಬೇಕು. ನೀರು ಮರಕ್ಕೆ ಇಳಿಯಬಾರದು. ನಡುನಡುವೆ ಯಾರೋ ಹೊಡೆದಿದ್ದ ಕಬ್ಬಿಣದ ಮೊಳೆಗಳ ತುಕ್ಕಿಗೆ ಸೀಮೆಎಣ್ಣೆಯ ಅರಿವೆ, ಆಮೇಲೆ ನಯವಾದ ಉಪ್ಪುಕಾಗದ. ಬಾಗಿದ ಮೊಳೆಯನ್ನು ಸುತ್ತಿಗೆಯಿಂದ ಬಡಿದರೆ ತೂತು ದೊಡ್ಡದಾಗುತ್ತದೆ. ಖಾಲಿಯಾದ ಲೋಹದ ರೀಫಿಲ್ಲಿನ ತುಂಡನ್ನು ಮೊಳೆಗೆ ಟೋಪಿಯಂತೆ ತೊಡಿಸಿ ಮೆಲ್ಲಗೆ ನೆಟ್ಟಗೆ ಮಾಡಬೇಕು. ಅಲ್ಲಾಡುವ ಮೊಳೆಯನ್ನು ಕಿತ್ತು, ತೂತಿಗೆ ಬೆಂಕಿಕಡ್ಡಿಯ ಸೀಳು, ಒಂದು ತೊಟ್ಟು ಫೆವಿಕಾಲ್ ಹಾಕಿ ಮತ್ತೆ ಕೂರಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಮೇಲಿನ ಕಮಾನು ಪಟ್ಟಿ ಮುರಿದಿತ್ತು. ಬುಟ್ಟಿ ಹೆಣೆಯುವವರ ಬಳಿ ಒಂದು ಬಿದಿರಿನ ದಬ್ಬೆ ತಂದು, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ದೊಡ್ಡ ಪಾತ್ರೆಯ ಸುತ್ತ ಬಗ್ಗಿಸಿ ಕಟ್ಟಿ, ಎರಡು ದಿನ ನೆರಳಿನಲ್ಲಿ ಒಣಗಿಸಿದೆವು. ಬಾಗು ಹಾಗೇ ಉಳಿಯಿತು. ಗುಂಡುಗಳಿಗೆ ಸೈಕಲ್ ಅಂಗಡಿ ಇದ್ದೇ ಇದೆ.

ಅಂಕಿಗಳನ್ನು ಮಾತ್ರ ಮುಟ್ಟಲಿಲ್ಲ. ಮೊಮ್ಮಗಳು ಬಣ್ಣದ ಡಬ್ಬಿ ಹಿಡಿದು ಸಿದ್ಧಳಾಗಿದ್ದಳು. ಆ ಬರವಣಿಗೆ ನಿನ್ನ ಮುತ್ತಜ್ಜನದು ಎಂದೆ. ಡಬ್ಬಿ ಕೆಳಗಿಟ್ಟಳು. ಆಂಗ್ಲ ಮಾಧ್ಯಮದ ಹುಡುಗಿ, ಆ ಅಂಕಿಗಳನ್ನು ಓದಲು ಬರುತ್ತಿರಲಿಲ್ಲ. ಅಂಕ ಕೂಡಬೇಕಲ್ಲ, ಒಂದೇ ಸಂಜೆಯಲ್ಲಿ ಕಲಿತಳು.

ಎಡಕ್ಕೆ ವಾಲಿದ ಲೆಕ್ಕ

ಹೊಳಪು ಬಂದ ಮಾತ್ರಕ್ಕೆ ಆಟ ಸರಿಯಾಗುವುದಿಲ್ಲ. ಬೋರ್ಡು ಒಂದು ಕಡೆಗೆ ಪಕ್ಷಪಾತ ಮಾಡುತ್ತಿದೆಯೇ ನೋಡಬೇಕು. ಇಲ್ಲಿ ನನ್ನ ಬಿಕಾಂ ಸಂಖ್ಯಾಶಾಸ್ತ್ರ ಕೆಲಸಕ್ಕೆ ಬಂತು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲೆಂಡಿನ ವಿದ್ವಾಂಸ ಇಂಥದ್ದೇ ಮೊಳೆ ಹಲಗೆ ಮಾಡಿ, ಮೇಲಿನಿಂದ ಸಣ್ಣ ಗುಂಡುಗಳನ್ನು ಸುರಿದು ತೋರಿಸಿದ್ದ. ಒಂದೊಂದು ಗುಂಡು ಎತ್ತ ಹೋಗುತ್ತದೋ ಹೇಳಲಾಗದು. ಆದರೆ ನೂರಾರು ಗುಂಡುಗಳು ಬಿದ್ದಾಗ ನಡುವೆ ಎತ್ತರದ ರಾಶಿ, ಎರಡು ಬದಿಗೆ ಇಳಿಜಾರು, ಥೇಟ್ ಗಂಟೆಯ ಆಕಾರ.

ನಾವೂ ಸ್ಪ್ರಿಂಗ್ ಬಿಟ್ಟು, ಮೇಲಿನ ನಡು ಮೊಳೆಯ ನೆತ್ತಿಗೆ ಕೈಯಿಂದಲೇ ನೂರು ಸಲ ಗುಂಡು ಬಿಟ್ಟೆವು. ಮೊಮ್ಮಗಳು ಐದೈದರ ಗೀಟು ಹಾಕಿದಳು. ಎಡಕ್ಕೆ 71, ಬಲಕ್ಕೆ 29. ನ್ಯಾಯವಾದ ನಾಣ್ಯವನ್ನು ನೂರು ಸಲ ಚಿಮ್ಮಿದರೆ 40ರಿಂದ 60ರೊಳಗೆ ಬೀಳುವುದು ಮಾಮೂಲು. 71 ಎಂದರೆ ಬೋರ್ಡಿನಲ್ಲೇ ಏನೋ ಇದೆ. ರಸಮಟ್ಟ ಇಟ್ಟು ನೋಡಿದರೆ ಗೊತ್ತಾಯಿತು. ಅಟ್ಟದ ಥಂಡಿಗೆ ಪ್ಲೈವುಡ್ಡಿನ ಎಡ ಮೂಲೆ ತಿರುಚಿಕೊಂಡಿತ್ತು. ಬೋರ್ಡನ್ನು ಬೋರಲು ಹಾಕಿ, ಚೌಕಟ್ಟಿಗೆ ಆಧಾರ ಕೊಟ್ಟು, ಆ ಮೂಲೆಯ ಮೇಲೆ ಒರಳಿನ ಗುಂಡು ಹೇರಿ ಒಂದು ವಾರ ಬಿಟ್ಟೆವು. ಆಮೇಲೆ ಆಚಾರ್ರ ಮಗ ಬಂದು ಹಿಂಬದಿಗೆ ಅಡ್ಡಪಟ್ಟಿ ಕೊಟ್ಟು ಸ್ಕ್ರೂ ಬಿಗಿದರು. ಮತ್ತೆ ನೂರು ಗುಂಡು. ಈ ಸಲ 53, 47. ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾದಾಗ ಆಗುತ್ತಿದ್ದ ಸಮಾಧಾನವೇ ಆಯಿತು.

ಸಾಲ ಅಷ್ಟೇ, ಕಂತು ಚಿಕ್ಕದು

ಉಳಿದದ್ದು ಸ್ಪ್ರಿಂಗ್. ಹಳೆಯದು ತುಕ್ಕು ಹಿಡಿದಿದ್ದರೂ ಬಿಗಿ ಕಳೆದುಕೊಂಡಿರಲಿಲ್ಲ. ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆದರೆ ಒಂದು ಅಂಗುಲಕ್ಕೆ 600 ಗ್ರಾಂ. ಅದೇ ತಕ್ಕಡಿಯನ್ನು ಬಸ್ಸಿನಲ್ಲಿ ಟಿ. ನರಸೀಪುರಕ್ಕೆ ಒಯ್ದು ಅಕ್ಕನ ಬಲಗೈಗೆ ಕೊಟ್ಟೆ. ಮುಳ್ಳು 300 ದಾಟಲಿಲ್ಲ. ಅವಳು ಮೂರು ಸಲ ಪ್ರಯತ್ನಿಸಿ ತಕ್ಕಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಒಂದು ಕಾಲಕ್ಕೆ ಇದೇ ಕೈ ನನ್ನ ಕಿವಿ ಹಿಂಡಿದರೆ ಸಂಜೆವರೆಗೂ ಉರಿಯುತ್ತಿತ್ತು.

ಹಲಗೆಯ ಇಳಿಜಾರು ಕಡಿಮೆ ಮಾಡಿದರೆ ಗುಂಡು ಸಲೀಸಾಗಿ ಏರುತ್ತದೆ. ಆದರೆ ಇಳಿಯುವಾಗ ಮೊಳೆಗಳ ನಡುವೆ ತೂಕಡಿಸುತ್ತದೆ, ಆಟವೇ ಬದಲಾಗುತ್ತದೆ. ಅದು ಅಕ್ಕ ಬೇಡವೆಂದಿದ್ದ ಸಡಿಲ. ಹಾಗಾದರೆ ಏನು ದಾರಿ? ಮಕ್ಕಳೇ, ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಸ್ಪ್ರಿಂಗ್ ಗುಂಡಿಗೆ ಕೊಡುವ ಶಕ್ತಿ ಎರಡರ ಮೇಲೆ ನಿಂತಿದೆ: ಎಷ್ಟು ಬಲದಿಂದ ಎಳೆದಿರಿ, ಎಷ್ಟು ದೂರ ಎಳೆದಿರಿ. ಬಲ ಅರ್ಧವಾದರೆ ದೂರ ಎರಡರಷ್ಟು ಮಾಡಿ, ಶಕ್ತಿ ಅಷ್ಟೇ ಇರುತ್ತದೆ. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ ಸಾಲದ ಮೊತ್ತ ಅಷ್ಟೇ, ಕಂತು ಅರ್ಧ, ಅವಧಿ ಎರಡರಷ್ಟು. ಬಡ್ಡಿ ಮಾತ್ರ ಇಲ್ಲ!

ಅಂದರೆ ಒಂದು ಅಂಗುಲಕ್ಕೆ 600 ಗ್ರಾಂ ಬೇಡುವ ಸ್ಪ್ರಿಂಗಿಗೆ ಬದಲಾಗಿ ಎರಡು ಅಂಗುಲಕ್ಕೆ 300 ಗ್ರಾಂ ಬೇಡುವ ಸ್ಪ್ರಿಂಗ್ ಬೇಕು. ಗುಜರಿ ಅಂಗಡಿಯಲ್ಲಿ ಒಂದು ಗಂಟೆ ಕೂತು ಆರಿಸಿದೆ. ಸ್ಪ್ರಿಂಗ್ ತಂತಿ ತುಸು ತೆಳುವಾದರೂ ಬಿಗಿ ತುಂಬಾ ಇಳಿಯುತ್ತದೆ. ಸುತ್ತುಗಳು ಅಷ್ಟೇ ಇದ್ದು ತಂತಿಯ ದಪ್ಪ ಅರ್ಧವಾದರೆ ಬಿಗಿ ಹದಿನಾರರಲ್ಲಿ ಒಂದು ಪಾಲಿಗೆ ಬರುತ್ತದೆ. ಆದ್ದರಿಂದ ಕಣ್ಣಂದಾಜು ಸಾಲದು, ತಕ್ಕಡಿಯೇ ಹೇಳಬೇಕು. ಏಳನೆಯ ಸ್ಪ್ರಿಂಗ್ ಹೊಂದಿತು. ಲೇತ್ ಅಂಗಡಿಯಲ್ಲಿ ಉದ್ದನೆಯ ಹಗುರ ಸರಳು ಮಾಡಿಸಿದೆ. ಹಿಡಿಗೆ ಮೊಮ್ಮಗಳು ತನ್ನ ಪುಟ್ಟ ಬುಗುರಿ ಕೊಟ್ಟಳು. ಅದರ ಮೊಳೆ ಕಿತ್ತು ಸರಳಿಗೆ ಸಿಕ್ಕಿಸಿದೆವು. ಹಿಡಿಯಲಾಗದ ಬೆರಳುಗಳೂ ಬುಗುರಿಯ ಹೊಟ್ಟೆಯ ಹಿಂದೆ ಸಿಕ್ಕಿಕೊಂಡು ಎಳೆಯಬಹುದು. ಹಳೆಯ ಸ್ಪ್ರಿಂಗಿನಲ್ಲಿ ಗುಂಡು ಕಮಾನಿನ ಎಲ್ಲಿಯವರೆಗೆ ಸುತ್ತುತ್ತಿತ್ತೋ ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿಟ್ಟಿದ್ದೆ. ಹೊಸದೂ ಅದೇ ಗುರುತು ಮುಟ್ಟಿತು.

ಕಪಿಲೆಯ ದಾರಿ ಹಿಡಿದು

ನಂಜನಗೂಡು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ನಮ್ಮ ಬೋರ್ಡೂ ಹಳೆಯ ಕಂಬಳಿ ಸುತ್ತಿಕೊಂಡು ಅದೇ ದಿಕ್ಕಿಗೆ ಹೊರಟಿತು. ಅಕ್ಕನ ನಡುಮನೆಯಲ್ಲಿ ಇಟ್ಟು ಮೊದಲ ಗುಂಡು ಬಿಡುತ್ತಿದ್ದಂತೆ ಅವಳ ತಕರಾರು ಬಂತು. “ಎಡಗಡೆ ಒಂದು ಗುಲಗಂಜಿ ಜಾಸ್ತಿ ಇದೆ ನೋಡೋ.” ಅಲ್ಲಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ತಮ್ಮ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಊರಿನವರು ಹೇಳುತ್ತಾರೆ. ಆ ಊರಿನ ಸೊಸೆಯ ಕಣ್ಣು ತಪ್ಪಿಸುವುದುಂಟೆ? ರಸಮಟ್ಟ ಇಟ್ಟೆ. ನೀರು ಹೋಗಲೆಂದು ನೆಲವನ್ನೇ ಬಚ್ಚಲ ಕಡೆಗೆ ಇಳಿಜಾರು ಮಾಡಿದ್ದರು. ಕಾಗದ ಮಡಚಿ ಒಂದು ಕಾಲಿನ ಕೆಳಗಿಟ್ಟೆ.

ಅಕ್ಕ ಬುಗುರಿಗೆ ಬೆರಳು ಸಿಕ್ಕಿಸಿ ಎಳೆದಳು. ಗುಂಡು ಓಣಿಯ ಅರ್ಧಕ್ಕೆ ಹೋಗಿ ವಾಪಸು ಬಂತು. ವಾಪಸು ಬಂದ ಗುಂಡು ಮತ್ತೆ ಆಡಬಹುದು, ಅದು 1961ರ ನಿಯಮ. ಎರಡನೆಯದೂ ಹಾಗೇ. ಮೂರನೆಯ ಸಲ ಎರಡು ಅಂಗುಲ ಪೂರಾ ಎಳೆದಳು. ಗುಂಡು ಕಮಾನು ಸುತ್ತಿ ಟಿಣ್ ಟಿಣ್ ಎಂದು ಇಳಿದು ೫೦ರ ಗೂಡಿನಲ್ಲಿ ಕೂತಿತು. ಎಡಗೈ ಚಾಚಲು ಹೋದ ಸೊಸೆಯನ್ನು ತಡೆದು, ಉಳಿದ ಗುಂಡುಗಳನ್ನೂ ಬಲಗೈಯಲ್ಲೇ ಹೊಡೆದಳು. ಕೊನೆಯಲ್ಲಿ ಮೊಮ್ಮಗಳು 25 ಅಂಕದಿಂದ ಗೆದ್ದಳು. ಅಕ್ಕ ಲೆಕ್ಕದ ಚೀಟಿ ಇಸಿದುಕೊಂಡು ಮೇಲಿನಿಂದ ಕೆಳಗೆ ಎರಡು ಸಲ ಕೂಡಿ ನೋಡಿ, “ಸರಿ ಇದೆ. ಇನ್ನೊಂದಾಟ” ಎಂದಳು.

ಬೋರ್ಡು ಈಗ ಅಲ್ಲೇ ಇದೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ ಇಳಿಸಿ. ಬ್ರೌನ್ ಪೇಪರ್, ಹುಣಸೆಹಣ್ಣು, ರಸಮಟ್ಟ, ಒಂದು ಕೊಕ್ಕೆ ತಕ್ಕಡಿ ಸಾಕು. ಸ್ಪ್ರಿಂಗ್ ಆರಿಸುವ ಮುಂಚೆ ಮಾತ್ರ, ಮನೆಯಲ್ಲಿ ಎಲ್ಲರಿಗಿಂತ ಮೆತ್ತಗಿನ ಕೈ ಯಾರದೋ ಅವರಿಂದ ಒಮ್ಮೆ ಎಳೆಸಿ ನೋಡಿ.