ಔಷಧ ಚೀಟಿಯ ತಪ್ಪು ಮತ್ತು ಪರಿಹಾರದ ದಾರಿ: ಗಡಿಯಾಚೆಯ ಕನ್ನಡಿಗರ ನೆಲೆಯಿಂದ

ವೈದ್ಯರ ಔಷಧ ಚೀಟಿಯನ್ನು ಬರೆಯುವವರು ಒಬ್ಬರು, ಓದುವವರು ಇನ್ನೊಬ್ಬರು, ಅದರಂತೆ ನಡೆಯಬೇಕಾದವರು ಮೂರನೆಯವರು. ಬರಹ ಇಂಗ್ಲಿಷಿನ ಸಂಕ್ಷೇಪಾಕ್ಷರಗಳಲ್ಲಿರುತ್ತದೆ. ವಿವರಣೆ ಆಯಾ ರಾಜ್ಯದ ಭಾಷೆಯಲ್ಲಿ, ಬಾಯಿಮಾತಿನಲ್ಲಿ ದೊರೆಯುತ್ತದೆ. ರೋಗಿ ಅದನ್ನು ತನ್ನ ಮನೆಮಾತಿಗೆ ತಿರುಗಿಸಿಕೊಂಡು ನೆನಪಿಟ್ಟುಕೊಳ್ಳಬೇಕು. ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ, ತಾಳವಾಡಿಯಿಂದ ಆದವಾನಿಯವರೆಗೆ ನೆಲೆಸಿರುವ ಕನ್ನಡಿಗರ ಪಾಲಿಗೆ ಈ ಮೂರು ಮೆಟ್ಟಿಲುಗಳು ಮೂರು ಭಾಷೆಗಳೂ ಹೌದು. ಎಲ್ಲಾದರೊಂದು ಮೆಟ್ಟಿಲಿನಲ್ಲಿ ಕಾಲು ಜಾರಿ ದೇಹಕ್ಕೆ ಹಾನಿಯಾದಾಗ, "ನಮಗೇ ಸರಿಯಾಗಿ ತಿಳಿಯಲಿಲ್ಲ" ಎಂದು ತಮ್ಮನ್ನೇ ದೂರಿಕೊಂಡು ಸುಮ್ಮನಾಗುವವರು ಹೆಚ್ಚು. ಕಾನೂನು ಅಷ್ಟು ಸುಲಭವಾಗಿ ಹೊಣೆಯನ್ನು ರೋಗಿಯ ಹೆಗಲಿಗೆ ಹೊರಿಸುವುದಿಲ್ಲ. ಪರಿಹಾರ ಕೇಳುವ ಹಕ್ಕು ಎಲ್ಲಿ ಹುಟ್ಟುತ್ತದೆ, ಅದನ್ನು ಯಾವ ಬಾಗಿಲಿನಲ್ಲಿ ಕೇಳಬೇಕು, ಅದಕ್ಕೆ ಏನೇನು ಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ತಪ್ಪು ಹುಟ್ಟುವ ಎಡೆಗಳು

ಔಷಧಿಯಿಂದ ತೊಂದರೆಯಾದ ಮಾತ್ರಕ್ಕೆ ಅದು ತಪ್ಪಿನಿಂದಲೇ ಆಯಿತೆನ್ನಲಾಗದು. ಸರಿಯಾದ ಔಷಧಿಯನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗಲೂ ಅಡ್ಡಪರಿಣಾಮ ಕಾಣಿಸಬಹುದು. ತಡೆಯಬಹುದಾಗಿದ್ದೂ ತಡೆಯದೆ ಹೋದ ಹಾನಿಯೇ ಔಷಧ ದೋಷ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಇಂಥ ಹಾನಿಯನ್ನು ತಗ್ಗಿಸಲೆಂದೇ ಜಾಗತಿಕ ಅಭಿಯಾನವೊಂದನ್ನು ಆರಂಭಿಸಿತು.

ಈ ದೋಷ ನಾಲ್ಕು ಎಡೆಗಳಲ್ಲಿ ಹುಟ್ಟುತ್ತದೆ. ವೈದ್ಯರು ಬರೆಯುವಾಗ ಔಷಧಿಯ ಆಯ್ಕೆ ಅಥವಾ ಪ್ರಮಾಣ ತಪ್ಪಬಹುದು. ರೋಗಿಗೆ ಒಗ್ಗದ ಔಷಧಿ ಯಾವುದೆಂದು ಕೇಳದೆ ಬರೆಯಬಹುದು. ಅಂಗಡಿಯಲ್ಲಿ ಹೆಸರಿನ ಹೋಲಿಕೆಯಿಂದ ಬೇರೊಂದು ಔಷಧಿ ಕೈಸೇರಬಹುದು. ಆಸ್ಪತ್ರೆಯಲ್ಲಿ ದಾದಿಯರು ಚುಚ್ಚುಮದ್ದು ಕೊಡುವಾಗ ಔಷಧಿಯೋ ಪ್ರಮಾಣವೋ ಕೊಡುವ ಮಾರ್ಗವೋ ತಪ್ಪಬಹುದು. ನಾಲ್ಕನೆಯದು, ಎಲ್ಲಕ್ಕಿಂತ ಕಡಿಮೆ ದಾಖಲಾಗುವಂಥದು, ಹೇಳಿಕೆಯ ದೋಷ. ಕೀಲುವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ದಿನವೂ ನುಂಗಿದರೆ ಅಸ್ಥಿಮಜ್ಜೆ ಕುಗ್ಗಿ ಪ್ರಾಣಕ್ಕೇ ಕುತ್ತು ಬರಬಹುದು. ಇಲ್ಲಿ ಔಷಧಿಯೂ ಸರಿ, ಬರೆದದ್ದೂ ಸರಿ. ತಪ್ಪಿದ್ದು 'ವಾರ' ಎಂಬ ಒಂದು ಮಾತು.

ಗಡಿನಾಡಿನಲ್ಲಿ ಈ ಕೊನೆಯ ದೋಷಕ್ಕೆ ಆಸ್ಪದ ಹೆಚ್ಚು. ಕನ್ನಡದ 'ದಿನ ಬಿಟ್ಟು ದಿನ' ಎಂಬುದನ್ನೇ ನೋಡಬಹುದು. ಮಲಯಾಳಂನಲ್ಲಿ ಇದು 'ಒನ್ನಿಡವಿಟ್ಟ ದಿವಸಂ', ತಮಿಳಿನಲ್ಲಿ 'ಒರು ನಾಳ್ ವಿಟ್ಟು ಒರು ನಾಳ್', ತೆಲುಗಿನಲ್ಲಿ 'ರೋಜು ವಿಡಿಚಿ ರೋಜು', ಮರಾಠಿಯಲ್ಲಿ 'ದಿವಸಾಆಡ'. ಇಡೀ ಅರ್ಥ 'ವಿಟ್ಟ', 'ವಿಟ್ಟು', 'ವಿಡಿಚಿ', 'ಆಡ' ಎಂಬ ಸಣ್ಣ ಪದಗಳಲ್ಲಿ ಅಡಗಿದೆ. ಮೊದಲ ಮೂರು ಕನ್ನಡದ 'ಬಿಟ್ಟು' ಎಂಬುದರ ನಂಟಿನವೇ ಎಂದು ಭಾಷಾಶಾಸ್ತ್ರ ಬಲ್ಲವರಿಗೆ ತಿಳಿದೀತು. ಆದರೆ ಜನಜಂಗುಳಿಯ ಔಷಧ ಕಿಟಕಿಯ ಮುಂದೆ ನಿಂತ ವಯಸ್ಸಾದ ರೋಗಿಯ ಕಿವಿ ಹಿಡಿಯುವುದು ಪರಿಚಿತವಾದ 'ದಿವಸ', 'ರೋಜು' ಎಂಬ ಮಾತುಗಳನ್ನು ಮಾತ್ರ. ಸೊಲ್ಲಾಪುರದ ಕಡೆಯ ಆಡುಗನ್ನಡದಲ್ಲಿ 'ದಿವಸಾ' ಎಂದರೆ 'ದಿನಾಲೂ' ಎಂದೇ ಅರ್ಥ. ದಿನ ಬಿಟ್ಟು ದಿನ ನುಂಗಬೇಕಾದ ಸ್ಟೀರಾಯ್ಡ್ ಮಾತ್ರೆ ಹೀಗೆ ದಿನಾಲೂ ಹೊಟ್ಟೆಗೆ ಇಳಿಯಬಹುದು.

ನ್ಯಾಯಾಲಯಗಳು ನಿರ್ಲಕ್ಷ್ಯವನ್ನು ಅಳೆಯುವ ಬಗೆ

ಪರಿಹಾರ ಕೇಳುವವರು ನಾಲ್ಕು ಸಂಗತಿಗಳನ್ನು ತೋರಿಸಬೇಕು: ಎದುರು ಪಕ್ಷಕ್ಕೆ ಎಚ್ಚರಿಕೆ ವಹಿಸುವ ಕರ್ತವ್ಯವಿತ್ತು, ಆ ಕರ್ತವ್ಯ ತಪ್ಪಿತು, ಹಾನಿಯಾಯಿತು, ಮತ್ತು ಆ ಹಾನಿಗೆ ಕರ್ತವ್ಯಲೋಪವೇ ಕಾರಣ. ಕೊನೆಯದೇ ಕಠಿಣವಾದುದು, ರೋಗದಿಂದ ಆದ ಹಾನಿ ಯಾವುದು, ಔಷಧಿಯಿಂದ ಆದದ್ದು ಯಾವುದು ಎಂಬುದನ್ನು ಬೇರ್ಪಡಿಸಬೇಕಾಗುತ್ತದೆ.

1996ರ ಪೂನಂ ವರ್ಮಾ ಪ್ರಕರಣದಲ್ಲಿ ಹೋಮಿಯೋಪತಿ ವೈದ್ಯರೊಬ್ಬರು ಜ್ವರಕ್ಕೆ ಅಲೋಪತಿ ಔಷಧಿಗಳನ್ನು ಕೊಟ್ಟಿದ್ದರು, ರೋಗಿ ತೀರಿಕೊಂಡರು. ತಾನು ಕಲಿಯದ ಪದ್ಧತಿಯ ಔಷಧಿಯನ್ನು ಕೊಡುವುದೇ ನಿರ್ಲಕ್ಷ್ಯ, ಬೇರೆ ಪುರಾವೆ ಬೇಡ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 1998ರ ಸ್ಪ್ರಿಂಗ್ ಮೆಡೋಸ್ ಪ್ರಕರಣದಲ್ಲಿ ವೈದ್ಯರು ಕೊಡಬೇಕಾಗಿದ್ದ ಚುಚ್ಚುಮದ್ದನ್ನು ದಾದಿ ಕೊಟ್ಟರು. ನರಕ್ಕೆ ಚುಚ್ಚಿದೊಡನೆ ಮಗುವಿನ ಹೃದಯ ಬಡಿತ ನಿಂತು, ಮಿದುಳಿಗೆ ಶಾಶ್ವತ ಹಾನಿಯಾಯಿತು. ಮಗುವಿಗೆ 12.5 ಲಕ್ಷ ರೂಪಾಯಿ, ತಂದೆತಾಯಿಯ ಮನೋವೇದನೆಗೆ 5 ಲಕ್ಷ ರೂಪಾಯಿ ಎಂದು ರಾಷ್ಟ್ರೀಯ ಆಯೋಗ ನೀಡಿದ್ದ ಪರಿಹಾರವನ್ನು ನ್ಯಾಯಾಲಯ ಎತ್ತಿಹಿಡಿಯಿತು. ರೋಗಿಯಷ್ಟೇ ಅಲ್ಲ, ಚಿಕಿತ್ಸೆಗೆ ಹಣ ತೆತ್ತ ತಂದೆತಾಯಿಯೂ ಗ್ರಾಹಕರು ಎಂಬುದು ಆ ತೀರ್ಪಿನ ದೊಡ್ಡ ಕೊಡುಗೆ.

ಔಷಧಿಯ ಪ್ರಮಾಣದ ಕುರಿತು ಬಹಳ ಚರ್ಚೆಯಾದದ್ದು ಕೋಲ್ಕತ್ತದ ಕುನಾಲ್ ಸಾಹಾ ಪ್ರಕರಣ. ಚರ್ಮದ ದದ್ದುಗಳಿಗೆ ಚಿಕಿತ್ಸೆ ಪಡೆದ ಅವರ ಪತ್ನಿಗೆ, ದೀರ್ಘಕಾಲ ದೇಹದಲ್ಲಿ ಉಳಿಯುವ ಸ್ಟೀರಾಯ್ಡ್ ಒಂದನ್ನು ದಿನಕ್ಕೆ ಎರಡು ಬಾರಿ 80 ಮಿಲಿಗ್ರಾಂನಂತೆ ಬರೆದುಕೊಡಲಾಗಿತ್ತು. 1998ರಲ್ಲಿ ಅವರು ತೀರಿಕೊಂಡರು. ರಾಷ್ಟ್ರೀಯ ಆಯೋಗ ಮೊದಲು ದೂರನ್ನು ತಳ್ಳಿಹಾಕಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ಲಕ್ಷ್ಯ ನಡೆದಿದೆಯೆಂದು ತೀರ್ಮಾನಿಸಿತು. 2013ರಲ್ಲಿ ಪರಿಹಾರವನ್ನು ಸುಮಾರು 6 ಕೋಟಿ ರೂಪಾಯಿಗೆ ಏರಿಸಿತು. ಅದೇ ಪ್ರಕರಣದಲ್ಲಿ ವೈದ್ಯರ ಮೇಲಿನ ಕ್ರಿಮಿನಲ್ ಆರೋಪ ಮಾತ್ರ ನಿಲ್ಲಲಿಲ್ಲ. ಕ್ರಿಮಿನಲ್ ಶಿಕ್ಷೆಗೆ ಘೋರ ನಿರ್ಲಕ್ಷ್ಯ ಬೇಕೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿತ್ತು. ಪರಿಹಾರಕ್ಕೆ ಅಷ್ಟು ಬೇಕಾಗಿಲ್ಲ. ಪೊಲೀಸ್ ದೂರು ಬಿದ್ದುಹೋದರೆ ಪರಿಹಾರದ ಹಕ್ಕೂ ಬಿದ್ದುಹೋಯಿತೆಂದು ತಿಳಿಯಬೇಕಾಗಿಲ್ಲ.

ತಜ್ಞರ ಅಭಿಪ್ರಾಯವಿಲ್ಲದೆ ದೂರು ನಿಲ್ಲದು ಎಂಬ ಭಯವೂ ಪೂರ್ತಿ ನಿಜವಲ್ಲ. ಹೈದರಾಬಾದಿನ ವಿ. ಕಿಶನ್ ರಾವ್ ಪ್ರಕರಣದಲ್ಲಿ ಮಲೇರಿಯಾ ರೋಗಿಗೆ ಟೈಫಾಯ್ಡಿನ ಚಿಕಿತ್ಸೆ ನಡೆದಿತ್ತು. ತಪ್ಪು ಮೇಲುನೋಟಕ್ಕೇ ಕಾಣುವಾಗ ತಜ್ಞರ ಸಾಕ್ಷ್ಯ ಕಡ್ಡಾಯವಲ್ಲ ಎಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿ, ಜಿಲ್ಲಾ ವೇದಿಕೆ ನೀಡಿದ್ದ 2 ಲಕ್ಷ ರೂಪಾಯಿಯ ಪರಿಹಾರವನ್ನು ಮರಳಿ ಊರ್ಜಿತಗೊಳಿಸಿತು. ಚೀಟಿಯಲ್ಲಿ ಒಂದು ಹೆಸರು, ಕೈಗೆ ಬಂದ ಪಟ್ಟಿಯ ಮೇಲೆ ಇನ್ನೊಂದು ಹೆಸರು ಎನ್ನುವಂಥ ದೋಷಗಳು ಈ ಬಗೆಯವು. ತೀರಾ ಸೂಕ್ಷ್ಮವಾದ ಪ್ರಶ್ನೆಗಳಿಗೆ ಮಾತ್ರ ಇನ್ನೊಬ್ಬ ವೈದ್ಯರ ಲಿಖಿತ ಅಭಿಪ್ರಾಯ ಅಗತ್ಯವಾಗುತ್ತದೆ.

ಅರ್ಥವಾಗದ ಹೇಳಿಕೆ ಯಾರ ಹೊಣೆ?

ರೋಗಿ ತಪ್ಪಾಗಿ ಸೇವಿಸಿದ ಎಂಬುದು ಎದುರು ಪಕ್ಷದ ಮೊದಲ ಉತ್ತರವಾಗಿರುತ್ತದೆ. ಇದಕ್ಕೆ ಎದುರಾಗಿ ಇಡಬಹುದಾದ ನಿಯಮಗಳಿವೆ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಗೆ 2016ರಲ್ಲಿ ಬಂದ ತಿದ್ದುಪಡಿಯಂತೆ ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕು. ಔಷಧಿಯನ್ನು ಹೇಗೆ ಸೇವಿಸಬೇಕೆಂದು ರೋಗಿಗೆ ತಿಳಿಹೇಳುವುದು ಅಂಗಡಿಯ ನೋಂದಾಯಿತ ಫಾರ್ಮಾಸಿಸ್ಟರ ಕೆಲಸವೆಂದು 2015ರ ಫಾರ್ಮಸಿ ವೃತ್ತಿ ನಿಯಮಾವಳಿ ಹೇಳುತ್ತದೆ. ಚೀಟಿಯಲ್ಲಿರುವ ಔಷಧಿಯ ಬದಲು ಬೇರೊಂದನ್ನು ತಾವೇ ಆರಿಸಿ ಕೊಡುವುದನ್ನು 1945ರ ಔಷಧ ನಿಯಮಗಳು ನಿಷೇಧಿಸುತ್ತವೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ಮಾಹಿತಿಯನ್ನು ರೋಗಿಗೆ ತಿಳಿದಿರುವ ಭಾಷೆಯಲ್ಲಿ, ಅವರ ಗ್ರಹಿಕೆಗೆ ನಿಲುಕುವಂತೆ ವಿವರಿಸಬೇಕೆನ್ನುತ್ತದೆ. ಸನ್ನದು ಶಾಸನವಲ್ಲ, ನಿಜ. ಆದರೂ ಎಚ್ಚರಿಕೆಯ ಮಟ್ಟ ಎಷ್ಟಿರಬೇಕಿತ್ತು ಎಂಬ ವಾದಕ್ಕೆ ಅದು ಬಲ ಕೊಡುತ್ತದೆ. ರೋಗಿ ಕನ್ನಡ ಮಾತ್ರ ಬಲ್ಲವರೆಂದು ಆಸ್ಪತ್ರೆಗೆ ತಿಳಿದಿತ್ತೇ, ತಿಳಿದೂ ಬೇರೆ ಭಾಷೆಯಲ್ಲಷ್ಟೇ ಹೇಳಲಾಯಿತೇ, ಅಪಾಯಕಾರಿ ಔಷಧಿಯಾಗಿದ್ದರೂ ಬರೆದುಕೊಡಲಿಲ್ಲವೇ ಎಂಬ ಪ್ರಶ್ನೆಗಳನ್ನು ದೂರಿನಲ್ಲಿ ನೇರವಾಗಿ ಎತ್ತಬೇಕು. ಭಾಷೆಯ ಸಂಗತಿಯನ್ನು ಹೇಳದೆ ಬಿಟ್ಟರೆ ಅದು ಆಯೋಗದ ಕಣ್ಣಿಗೆ ಬೀಳುವುದೇ ಇಲ್ಲ.

ಯಾವ ಬಾಗಿಲು?

ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು 1995ರ ವಿ.ಪಿ. ಶಾಂತಾ ತೀರ್ಪು ಸ್ಥಾಪಿಸಿತು. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗಡಿಯ ಜನರಿಗೆ ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ಹಿಂದೆ ಎದುರು ಪಕ್ಷ ಇರುವಲ್ಲಿ ಅಥವಾ ಘಟನೆ ನಡೆದಲ್ಲಿ ದೂರು ಕೊಡಬೇಕಿತ್ತು. ಈಗ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೂ ಕೊಡಬಹುದು. ಮಂಗಳೂರಿನಲ್ಲಿ ಚಿಕಿತ್ಸೆ ಪಡೆದ ಮಂಜೇಶ್ವರದವರು ಕಾಸರಗೋಡಿನಲ್ಲಿ, ವಿಜಯಪುರಕ್ಕೆ ಹೋಗಿಬಂದ ಜತ್ತದವರು ಸಾಂಗಲಿಯಲ್ಲಿ, ಬಳ್ಳಾರಿಗೆ ಹೋದ ರಾಯದುರ್ಗದವರು ಅನಂತಪುರದಲ್ಲಿ ದೂರು ಸಲ್ಲಿಸಬಹುದು. ಹಳೆಯ ದಾರಿಯೂ ತೆರೆದೇ ಇದೆ. ಚಾಮರಾಜನಗರದಲ್ಲಿ ಚಿಕಿತ್ಸೆ ಪಡೆದ ತಾಳವಾಡಿಯವರಿಗೆ ಜಿಲ್ಲಾ ಕೇಂದ್ರವಾದ ಈರೋಡಿಗಿಂತ ಚಾಮರಾಜನಗರವೇ ಹತ್ತಿರ. ಅಲ್ಲಿ ದೂರು ಕೊಟ್ಟರೆ ಕನ್ನಡದಲ್ಲೇ ವ್ಯವಹರಿಸುವ ಅನುಕೂಲವೂ ಇದೆ. ದೂರ ಮತ್ತು ಭಾಷೆ ಎರಡನ್ನೂ ತೂಗಿ ಆರಿಸಿಕೊಳ್ಳುವ ಅವಕಾಶ ರೋಗಿಯ ಕಡೆಗಿದೆ.

ಕಾಲಮಿತಿ ಎರಡು ವರ್ಷ. ತಕ್ಕ ಕಾರಣ ತೋರಿಸಿದರೆ ವಿಳಂಬವನ್ನು ಆಯೋಗ ಮನ್ನಿಸಬಹುದು. ಆದರೆ ಅದನ್ನು ನಂಬಿ ಕೂರಬಾರದು. ಕೇಳುವ ಪರಿಹಾರ ಎಷ್ಟೇ ಇರಲಿ, ಸೇವೆಗೆ ತೆತ್ತ ಹಣ 50 ಲಕ್ಷ ರೂಪಾಯಿ ದಾಟದಿದ್ದರೆ ಜಿಲ್ಲಾ ಆಯೋಗವೇ ಸಾಕು. ತೆತ್ತ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆಯೂ ವಾದಿಸಬಹುದು, ವಿಡಿಯೋ ಮೂಲಕ ವಿಚಾರಣೆ ನಡೆಸುವಂತೆ ಕೋರಬಹುದು. ಆಸ್ಪತ್ರೆಯ ಒಳಗೆ ತಪ್ಪು ಯಾರ ಕೈಯಿಂದ ಆಯಿತೆಂದು ರೋಗಿ ಪತ್ತೆಹಚ್ಚಬೇಕಾಗಿಲ್ಲ. ಆಸ್ಪತ್ರೆಯನ್ನೇ ಪ್ರತಿವಾದಿಯಾಗಿ ಮಾಡಿದರೆ ಸಾಕೆಂದು 2004ರ ಸವಿತಾ ಗಾರ್ಗ್ ತೀರ್ಪು ಹೇಳಿದೆ.

ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಮಾತ್ರ ಗ್ರಾಹಕ ಕಾನೂನಿನ ಹೊರಗುಳಿಯುತ್ತವೆ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಾದರೆ ಉಚಿತ ರೋಗಿಗೂ ಗ್ರಾಹಕನ ಹಕ್ಕಿದೆ. ಹೊರಗುಳಿದವರಿಗೆ ಸಿವಿಲ್ ನ್ಯಾಯಾಲಯದ ದಾರಿಯಿದೆ; ಸರಕಾರಿ ವೈದ್ಯರ ನಿರ್ಲಕ್ಷ್ಯಕ್ಕೆ ರಾಜ್ಯವೇ ಹೊಣೆಯೆಂದು 1996ರ ಅಚ್ಯುತರಾವ್ ಖೋಡ್ವಾ ಪ್ರಕರಣದಲ್ಲಿ ತೀರ್ಮಾನವಾಗಿದೆ. ಖಾಯಂ ಲೋಕ ಅದಾಲತ್ ಇನ್ನೊಂದು ದಾರಿ. ಆಸ್ಪತ್ರೆಯ ಸೇವೆ ಅದರ ವ್ಯಾಪ್ತಿಯಲ್ಲಿದೆ. ರಾಜಿಯಾಗದಿದ್ದರೆ ಅದೇ ತೀರ್ಮಾನ ಕೊಡಬಲ್ಲದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಪಡೆಯಬಹುದು.

ಕಾಗದವೇ ಬಲ

ಹಾನಿಯಾದೊಡನೆ ಮೊದಲು ಇನ್ನೊಬ್ಬ ವೈದ್ಯರನ್ನು ಕಂಡು ಚಿಕಿತ್ಸೆ ಪಡೆಯಬೇಕು. ಹಿಂದೆ ಸೇವಿಸಿದ ಔಷಧಿಯ ವಿವರವನ್ನು ಅವರು ತಮ್ಮ ಟಿಪ್ಪಣಿಯಲ್ಲಿ ದಾಖಲಿಸುವಂತೆ ಕೇಳಿಕೊಳ್ಳಬೇಕು. ಉಳಿದ ಮಾತ್ರೆಗಳನ್ನು, ಖಾಲಿ ಪಟ್ಟಿಗಳನ್ನು, ಬಾಟಲಿಗಳನ್ನು ಎಸೆಯಬಾರದು. ಬ್ಯಾಚ್ ಸಂಖ್ಯೆ ಅವುಗಳ ಮೇಲೆಯೇ ಇರುತ್ತದೆ. ಅಂಗಡಿಯ ರಸೀದಿ ಇಲ್ಲದಿದ್ದರೆ ಖರೀದಿಯನ್ನು ಸಾಬೀತು ಮಾಡುವುದು ಕಷ್ಟ. ಆದ್ದರಿಂದ ಪ್ರತಿ ಬಾರಿಯೂ ರಸೀದಿ ಕೇಳಿ ಪಡೆಯುವುದು ಒಳ್ಳೆಯದು. ಒಳರೋಗಿಯಾಗಿದ್ದವರು ತಮ್ಮ ದಾಖಲೆಗಳ ಪ್ರತಿಯನ್ನು ಲಿಖಿತವಾಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂಬುದು 2002ರ ನಿಯಮಾವಳಿಯ ವಿಧಿ. ಈ ಮನವಿಗೆ ಸ್ವೀಕೃತಿ ಪಡೆಯಬೇಕು. ಕೊಡದೆ ಹೋದರೆ ಆ ನಿರಾಕರಣೆಯೂ ಸಾಕ್ಷ್ಯವೇ. ಯಾವ ದಿನ, ಯಾವ ಹೊತ್ತಿಗೆ ಏನು ಸೇವಿಸಲಾಯಿತು, ಯಾರು ಯಾವ ಭಾಷೆಯಲ್ಲಿ ಏನು ಹೇಳಿದರು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಕನ್ನಡದಲ್ಲಿ ಬರೆದಿಡಬೇಕು. ಚಿಕಿತ್ಸೆಯ ವೆಚ್ಚ, ತಪ್ಪಿದ ದುಡಿಮೆ, ಮುಂದಿನ ಆರೈಕೆ, ಪ್ರಯಾಣದ ಖರ್ಚು ಇವಕ್ಕೆಲ್ಲ ಪ್ರತ್ಯೇಕ ಲೆಕ್ಕವಿರಬೇಕು. ನೋವು ಮತ್ತು ಮನೋವೇದನೆಗೆ ಬೇರೆಯಾಗಿ ಕೇಳಬಹುದು.

ಇದರ ಜೊತೆಗೆ, ಔಷಧಿಯ ದುಷ್ಪರಿಣಾಮವನ್ನು ಭಾರತದ ಔಷಧ ಜಾಗ್ರತಾ ಕಾರ್ಯಕ್ರಮಕ್ಕೆ 1800-180-3024 ಉಚಿತ ದೂರವಾಣಿಯ ಮೂಲಕ ತಿಳಿಸಬಹುದು. ಬಳಕೆದಾರರ ವರದಿ ನಮೂನೆ ಕನ್ನಡದಲ್ಲೂ ಇದೆ. ಅದರಿಂದ ಪರಿಹಾರ ಸಿಗುವುದಿಲ್ಲ. ಆದರೆ ಘಟನೆ ಕನ್ನಡದಲ್ಲಿ, ಸಕಾಲದಲ್ಲಿ ದಾಖಲಾಗುತ್ತದೆ.

ದೂರಿನ ಭಾಷೆ

ಕುಂದುಕೊರತೆಯ ಮನವಿಯನ್ನು ಒಕ್ಕೂಟದ ಅಥವಾ ರಾಜ್ಯದ ಅಧಿಕಾರಿಗಳಿಗೆ ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೂ ಅಲ್ಪಸಂಖ್ಯಾತ ಪ್ರದೇಶಗಳ ಕನ್ನಡಿಗರು ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಿ ಕನ್ನಡದಲ್ಲೇ ಉತ್ತರ ಪಡೆಯಬಹುದೆನ್ನುತ್ತದೆ. ಆರೋಗ್ಯ ಇಲಾಖೆಗೆ, ಔಷಧ ನಿಯಂತ್ರಕರಿಗೆ ಬರೆಯುವ ದೂರುಗಳಲ್ಲಿ ಈ ಹಕ್ಕನ್ನು ಬಳಸಬೇಕು. ಗ್ರಾಹಕ ಆಯೋಗದ ಕಲಾಪ ಸಾಮಾನ್ಯವಾಗಿ ಇಂಗ್ಲಿಷಿನಲ್ಲೋ ರಾಜ್ಯಭಾಷೆಯಲ್ಲೋ ನಡೆಯುವುದರಿಂದ, ಅಲ್ಲಿಗೆ ಒಯ್ಯುವ ಕನ್ನಡ ಬರಹಗಳಿಗೆ ಅನುವಾದವನ್ನು ಲಗತ್ತಿಸುವುದು ಜಾಣತನ.

ಗಡಿನಾಡಿನ ಕನ್ನಡ ಸಂಘಗಳು, ಶಾಲೆಗಳು, ಗ್ರಂಥಾಲಯಗಳು ಇಲ್ಲಿ ಮಾಡಬಹುದಾದ ಕೆಲಸ ಸಣ್ಣದೇ ಆದರೂ ಬೆಲೆಯುಳ್ಳದ್ದು. ಎರಡೂ ಭಾಷೆ ಬಲ್ಲ ಒಬ್ಬರು ರೋಗಿಯ ಜೊತೆ ಹೋಗಿ, 'ವಾರಕ್ಕೊಮ್ಮೆ', 'ದಿನ ಬಿಟ್ಟು ದಿನ' ಎಂಬ ಮಾತುಗಳನ್ನು ಔಷಧಿಯ ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆದುಕೊಟ್ಟರೆ ಎಷ್ಟೋ ದೋಷಗಳು ಹುಟ್ಟುವ ಮೊದಲೇ ತಪ್ಪುತ್ತವೆ. ತಪ್ಪದೆ ಹೋದಾಗ, ಅದೇ ಕನ್ನಡ ಬರಹ ಪರಿಹಾರದ ಅರ್ಜಿಗೆ ಮೊದಲ ಪುರಾವೆಯಾಗುತ್ತದೆ.